ಉಪ್ಪಿನ ಬಯಕೆ

ಫೆಬ್ರವರಿ ೬, ಸೋಮವಾರ

ಇವತ್ತು ಬ್ರೆಡ್ಡು ವಾಪಸ್ ಬಂತು. ಹಳಸಿದ್ದಲ್ಲ, ಬೆಳಿಗ್ಗೆಯಷ್ಟೇ ಭಟ್ಟಿಯಿಂದ ತೆಗೆದದ್ದು, ಒಂದು ತುದಿ ಕಚ್ಚಿದ್ದು. ಎದುರು ಸಾಲಿನ ಟೈಲರಮ್ಮ ಅದನ್ನು ಕೌಂಟರಿನ ಮೇಲೆ ಇಟ್ಟು, "ಏನಮ್ಮಾ, ಸಮುದ್ರದ ನೀರಲ್ಲಿ ನಾದಿದ್ರಾ?" ಅಂದಳು. ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಅದೇ ಬ್ರೆಡ್ಡು ಮುರಿದು ತಿಂದೆ. ಅಮೃತದ ಹಾಗಿತ್ತು. ಜನಕ್ಕೆ ನಾಲಿಗೆ ಕೆಟ್ಟಿದೆ, ಅಷ್ಟೆ.

ನಮ್ಮ ಬೇಕರಿಯಲ್ಲಿ ಹಿಟ್ಟಿಗೆ ತಕ್ಕಡಿ ಇದೆ, ಸಕ್ಕರೆಗೆ ಇದೆ, ಯೀಸ್ಟಿಗಂತೂ ಚಿನ್ನದಂಗಡಿಯವರ ಥರ ಪುಟ್ಟ ತಕ್ಕಡಿ ಇದೆ. ಉಪ್ಪಿಗೆ ಮಾತ್ರ ಇಲ್ಲ. ಉಪ್ಪಿಗೆ ನಾಲಿಗೆಯೇ ತಕ್ಕಡಿ ಅನ್ನೋದು ಮಾವನವರ ಕಾಲದ ನಿಯಮ. ನಾದುವವರು ಹಸಿ ಹಿಟ್ಟು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಸಾಕೋ ಸಾಲದೋ ಹೇಳಬೇಕು. ದಿನದ ಹವೆಗೆ ತಕ್ಕ ಹಾಗೆ ಉಪ್ಪು ಹಿಡಿಸುತ್ತೆ, ತಕ್ಕಡಿಗೆ ಹವೆ ಗೊತ್ತಾಗುತ್ತಾ ಅನ್ನೋದು ಅವರ ವಾದ. ಮಾವ ಹೋದ ಮೇಲೆ ಆ ಅಧಿಕಾರ ಅತ್ತೆಗೆ ಬಂತು. ನಾನು ಸೊಸೆಯಾಗಿ ಬಂದ ಎರಡನೇ ವರ್ಷಕ್ಕೆ ಅತ್ತೆ ಅದನ್ನು ನನಗೆ ಕೊಟ್ಟರು. ಅವರು ಮನಸಾರೆ ನನಗೆ ಕೊಟ್ಟಿದ್ದು ಅದೊಂದೇ ಇರಬೇಕು.

ಈ ಮನೆಯ ಹೈಕೋರ್ಟು ಅಂದರೆ ನಮ್ಮತ್ತೆ. ಇವರನ್ನು, ಅಂದರೆ ನನ್ನ ಯಜಮಾನರನ್ನು, ಏನು ಕೇಳಿದರೂ "ಅಮ್ಮನ್ನ ಕೇಳು" ಅನ್ನುತ್ತಾರೆ. ಮಹಡಿ ಮೇಲಿನ ಕಿಟಕಿ ಪರದೆಯಿಂದ ಹಿಡಿದು ಕೆಳಗಿನ ಭಟ್ಟಿಯ ರಿಪೇರಿವರೆಗೆ ಎಲ್ಲ ಅಪೀಲೂ ಅಲ್ಲಿಗೇ. ಹೈಕೋರ್ಟು ಇವತ್ತು ಬ್ರೆಡ್ಡು ಮುಟ್ಟಲಿಲ್ಲ, ನನ್ನ ಮುಖ ನೋಡಿತು. "ಬಿಸಿಲಲ್ಲಿ ತಿರುಗ್ತಿದ್ದೀಯಾ? ಕಪ್ಪಗಾಗಿದ್ದೀಯಲ್ಲ!" ಬೆಳಗಿನಿಂದ ಸಂಜೆವರೆಗೆ ಭಟ್ಟಿ ಮುಂದೆ ನಿಲ್ಲೋಳು ನಾನು. ಯಾವ ಬಿಸಿಲಿಗೆ ಹೋಗಲಿ?

ಸುಸ್ತು. ಪೆನ್ನೂ ಭಾರ ಅನ್ನಿಸ್ತಿದೆ.

ಫೆಬ್ರವರಿ ೧೪, ಮಂಗಳವಾರ

ಹೇಳಿಕೊಳ್ಳೋಕೆ ನಾಚಿಕೆ, ಆದರೆ ಇದನ್ನು ಯಾರು ಓದ್ತಾರೆ? ಉಪ್ಪು ಕದ್ದು ತಿನ್ನುತ್ತಿದ್ದೇನೆ. ಒಂದು ಕಲ್ಲುಪ್ಪು ದವಡೆಯಲ್ಲಿಟ್ಟುಕೊಂಡರೆ ಒಂದು ಟ್ರೇ ಬನ್ನು ಉಂಡೆ ಕಟ್ಟುವವರೆಗೂ ಜೀವ ನಿಲ್ಲುತ್ತೆ. ಇಲ್ಲದಿದ್ದರೆ ಮೊಣಕಾಲು ಕಳಚಿ ಬಿದ್ದ ಹಾಗೆ. "ಬಾಯಲ್ಲೇನು?" ಅಂದರು ಇವರು. "ಕಲ್ಲುಸಕ್ಕರೆ" ಅಂದೆ. ಪಾಪ, ನಂಬಿದರು. ಹಗಲಲ್ಲಿ ನಕ್ಷತ್ರ ಮೂಡಿದೆ ಅಂದರೂ "ಹೌದಾ, ಎಲ್ಲಿ?" ಅಂತ ಕತ್ತೆತ್ತುವ ಜಾತಿ ಇವರು.

ಮುಟ್ಟು ನಿಂತು ತಿಂಗಳುಗಳಾದವು. ಮೊದಲೂ ಹೀಗೆ ತಪ್ಪುತ್ತಿತ್ತು. ಆಗೆಲ್ಲ ಔಷಧಿ ಅಂಗಡಿಗೆ ಓಡಿ, ಆ ಪರೀಕ್ಷೆಯ ಕಡ್ಡಿ ತಂದು, ಬಚ್ಚಲಲ್ಲಿ ಕೂತು, ಒಂದೇ ಗೆರೆ ನೋಡಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷ ಇದೇ ಆಯಿತು. ಹೋದ ವರ್ಷ ಸಾಕಪ್ಪಾ ಸಾಕು ಅಂತ ಶಪಥ ಮಾಡಿದೆ, ಇನ್ನು ಆ ದರಿದ್ರ ಕಡ್ಡಿ ಮುಟ್ಟೋದಿಲ್ಲ ಅಂತ. ಬರೋದಿದ್ದರೆ ಅದೇ ಬಂದು ಹೇಳಲಿ.

ಇಷ್ಟು ಬರೆದು ಕೈ ನಿಂತಿತು. ಇರಲಾರದು. ಅಲ್ಲ, ಇದ್ದರೆ?

ಫೆಬ್ರವರಿ ೨೩, ಗುರುವಾರ

ಸಿಕ್ಕಿಬಿದ್ದೆ. ಬೆಳಿಗ್ಗೆ ಹಿತ್ತಿಲ ಮೋರಿ ಹತ್ತಿರ ವಾಂತಿ ಮಾಡುತ್ತಿದ್ದೆ, ಬಾಯೊರೆಸಿಕೊಂಡು ತಿರುಗಿದರೆ ಹೈಕೋರ್ಟು ನಿಂತಿದೆ. ಕೈಯಲ್ಲಿ ಪೊರಕೆ.

"ಎಷ್ಟು ದಿನದಿಂದ?"

"ಒಂದು ವಾರದಿಂದ, ಅತ್ತೆ."

"ಮುಟ್ಟು?"

ಇಲ್ಲ ಅಂತ ತಲೆ ಆಡಿಸಿದೆ.

"ಬಾಯಿಗೆ ಏನು ಬೇಕು ಅನ್ನಿಸುತ್ತೆ? ಸುಳ್ಳು ಹೇಳಬೇಡ."

"ಉಪ್ಪು" ಅಂದೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಕಲ್ಲುಪ್ಪನ್ನೂ ಬಿಚ್ಚಿ ತೋರಿಸಿದೆ.

ಪೊರಕೆ ಕೆಳಗೆ ಬಿತ್ತು. ಒಂಬತ್ತು ವರ್ಷದಲ್ಲಿ ಹೈಕೋರ್ಟಿನ ಕಣ್ಣಲ್ಲಿ ನೀರು ನೋಡಿದ್ದು ಮಾವ ಹೋದ ದಿನ, ಆಮೇಲೆ ಇವತ್ತು. "ಇವನು ಹೊಟ್ಟೆಯಲ್ಲಿದ್ದಾಗ ನಾನು ಹುಳಿಗೆ ಸಾಯ್ತಿದ್ದೆ ಕಣೇ. ನಿನಗೆ ಉಪ್ಪು! ಬ್ರೆಡ್ಡು ಉಪ್ಪುಪ್ಪಾಗಿದ್ದು ಇದಕ್ಕೇನಾ! ಥೂ ಪೆದ್ದೀ, ಮೊದಲೇ ಬಾಯಿ ಬಿಡಬಾರದಾ?"

"ಪರೀಕ್ಷೆ ಮಾಡಿಲ್ಲ ಅತ್ತೆ. ಭಯ."

"ಯಾವ ಪರೀಕ್ಷೆ? ಉಪ್ಪಿಗೇ ತಕ್ಕಡಿ ಇಟ್ಟವರಲ್ಲ ನಾವು, ಮಗುವಿಗೆ ಇಡ್ತೀವಾ? ನಿನ್ನ ನಾಲಿಗೆ ಹೇಳ್ತಾ ಇದೆ, ಸಾಕು."

ಇವರಿಗೆ ಹೇಳಿದ್ದೂ ಅವರೇ, ನಾನಲ್ಲ. ಇವರು ಕೈಯಲ್ಲಿದ್ದ ಟ್ರೇ ಸಮೇತ ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತರು. ಟ್ರೇಯಲ್ಲಿದ್ದ ರಸ್ಕು ಒಂದು ತೆಗೆದು ನನಗೆ ಕೊಟ್ಟರು. ಬೇರೇನು ಮಾಡಬೇಕು ತೋಚಿರಲಿಕ್ಕಿಲ್ಲ.

ಮಾರ್ಚ್ ೫, ಭಾನುವಾರ

ಭಾನುವಾರ ಮಧ್ಯಾಹ್ನ ಅಂಗಡಿ ಇಲ್ಲ. ಮನೆಯವರೆಲ್ಲ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ, ಸಂತೋಷಕ್ಕೂ ನಿದ್ದೆ ಬರೋದಿಲ್ಲ ಅಂತ ಈಗ ಗೊತ್ತಾಯಿತು.

ಈ ಹತ್ತು ದಿನ ಮನೆ ಮನೆಯ ಹಾಗಿಲ್ಲ. ಹೈಕೋರ್ಟು ನಾದುವ ಮೇಜಿನಿಂದ ನನ್ನನ್ನು ಎಬ್ಬಿಸಿ ಕಿಟಕಿ ಪಕ್ಕ ಸ್ಟೂಲು ಹಾಕಿಕೊಟ್ಟಿದೆ. ಉಪ್ಪು ನೋಡುವ ಕೆಲಸ ತಾನೇ ವಾಪಸ್ ತೆಗೆದುಕೊಂಡಿದೆ. "ನಿನ್ನ ನಾಲಿಗೆಗೆ ರಜಾ" ಅಂತ ತೀರ್ಪು. ನನಗೆ ಬ್ರೆಡ್ಡು ಸುತ್ತುವ ಕಾಗದ ಮಡಿಸುವ ಕೆಲಸ ಮಾತ್ರ. ಟೈಲರಮ್ಮನಿಗೆ ವಾಸನೆ ಹೊಡೆದಿದೆ, ನಿನ್ನೆ ಬಂದು ಸುಮ್ಮನೆ ನನ್ನ ಗಲ್ಲ ಸವರಿ ಹೋದಳು. ಇವರಂತೂ ಭಟ್ಟಿಗೆ ಟ್ರೇ ತಳ್ಳುವಾಗ ಸಿಳ್ಳೆ ಹಾಕುತ್ತಾರೆ. ಇವರಿಗೆ ಸಿಳ್ಳೆ ಬರುತ್ತೆ ಅಂತಲೇ ನನಗೆ ತಿಳಿದಿರಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಬೇರೆಯವರನ್ನು ಆಡಿಕೊಳ್ಳುತ್ತಿದ್ದವಳು ನಾನು. ಈಗ ನಮ್ಮ ಮನೆಯಲ್ಲಿ ಕುಲಾವಿ ಮಾತ್ರವಲ್ಲ, ಯಾವ ಶಾಲೆ ಅನ್ನೋ ಜಗಳವೂ ಶುರುವಾಗಿದೆ.

ನೀನು ಹೆಣ್ಣೋ ಗಂಡೋ, ನನಗೆ ಯಾವುದಾದರೂ ಸರಿ. ನಿನ್ನಪ್ಪನ ಮೂಗು ಬೇಡ. ನಿನ್ನಜ್ಜಿಯ ಗಂಟಲು ಬೇಡವೇ ಬೇಡ. ಮಿಕ್ಕಿದ್ದು ಏನು ತಂದರೂ ನಾನು ಬೇಡ ಅನ್ನೋದಿಲ್ಲ. ಮೊನ್ನೆ ಶಾಲೆಯ ಹುಡುಗಿಯೊಂದು ಬನ್ನು ತೆಗೆದುಕೊಂಡು, ಬಾಗಿಲು ದಾಟುವ ಮೊದಲೇ ಅರ್ಧ ತಿಂದು, ಉಳಿದದ್ದನ್ನು ಅಮ್ಮನಿಗೆ ಹಿಡಿಯೋಕೆ ಕೊಟ್ಟು ಓಡಿತು. ಆ ಎಂಜಲು ಬನ್ನು ಹಿಡಿದುಕೊಂಡು ನಿಂತ ಆ ತಾಯಿಯನ್ನು ನೋಡಿ ನನಗೆ ಎಂಥ ಹೊಟ್ಟೆಕಿಚ್ಚು ಬಂತು ಗೊತ್ತಾ? ನನ್ನ ಕೈಗೂ ಒಂದು ಎಂಜಲು ಬನ್ನು ಕೊಡೋರು ಬರಲಿ ಅಂತ ಎಷ್ಟು ವರ್ಷ ಕಾದೆ. ಬೇಗ ಬಾ.

ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ. ಕನ್ನಡಿಯಲ್ಲಿ ವಸಡು ನೋಡಿದೆ, ಶಾಯಿ ಬಳಿದ ಹಾಗೆ ನೀಲಿಗಪ್ಪು. ಬಳೆ ಮೊಣಕೈವರೆಗೆ ಜಾರುತ್ತೆ. "ಮೊದಲ ತಿಂಗಳುಗಳಲ್ಲಿ ಹಾಗೇ, ಆಮೇಲೆ ನೋಡು ಹೇಗೆ ತುಂಬ್ಕೋತೀಯ" ಅಂತ ಹೈಕೋರ್ಟು. ಮೂರು ಜನರಲ್ಲಿ ಒಬ್ಬರಾದರೂ ಮೊದಲೇ ಡಾಕ್ಟರ ಹತ್ತಿರ ಹೋಗೋಣ ಅನ್ನಬೇಕಿತ್ತು. ಇವತ್ತು ಊಟ ಮಾಡುವಾಗ ಇವರೇ ಅಂದರು, ಮುಂದಿನ ವಾರ ಹೋಗೋಣ ಅಂತ. ಹೈಕೋರ್ಟೂ ಒಪ್ಪಿತು.

ಮಾರ್ಚ್ ೧೩, ಸೋಮವಾರ

ಇಲ್ಲ.

ಏನೂ ಇಲ್ಲ. ಇರಲೇ ಇಲ್ಲ.

ಮಾರ್ಚ್ ೧೪, ಮಂಗಳವಾರ

ನಿನ್ನೆಯದನ್ನು ಬರೆದು ಮುಗಿಸಿಬಿಡುತ್ತೇನೆ. ಕ್ಲಿನಿಕ್ಕಿನ ಲೇಡಿ ಡಾಕ್ಟರು ಒಳ್ಳೆಯವರು, ನನಗಿಂತ ಚಿಕ್ಕವರು. ಪರೀಕ್ಷೆ ಮಾಡಿ, ಸ್ಕ್ಯಾನು ಮಾಡಿ, ನನ್ನ ಕೈ ಹಿಡಿದು, "ಗರ್ಭ ಇಲ್ಲಮ್ಮ, ಆಗಿ ಹೋಗಿದ್ದೂ ಅಲ್ಲ" ಅಂದರು. ಹಾಗಾದರೆ ಈ ವಾಂತಿ? ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ತುಂಬಾ ಕಡಿಮೆ ಇದೆಯಂತೆ. ಸುಸ್ತು, ಮುಟ್ಟು ನಿಲ್ಲೋದು, ಎಲ್ಲ ಅದರಿಂದ ಆಗಬಹುದಂತೆ. "ಈ ಮಾತ್ರೆ ತಗೊಳ್ಳಿ. ಥೈರಾಯ್ಡ್ ಸರಿಹೋದರೆ ಮುಟ್ಟೂ ಸರಿಹೋಗುತ್ತೆ. ಆಮೇಲೆ ಮಗುವಿನ ವಿಷಯ ನೋಡೋಣ." ಬೇರೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರು. ಉಪ್ಪಿನ ವಿಷಯ ಹೇಳಲಿಲ್ಲ. ಹೇಗೆ ಹೇಳಲಿ? ಆಸೆಪಟ್ಟು ಉಪ್ಪು ನೆಕ್ಕಿದೆ, ಮಗು ಅಂದುಕೊಂಡೆ ಅಂತ ಹೇಳಬೇಕಿತ್ತಾ? ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ.

ಮನೆಗೆ ಬಂದಾಗ ಹೈಕೋರ್ಟು ಬಾಗಿಲಲ್ಲೇ ನಿಂತಿತ್ತು. ಇವರು ಹೇಳಿದರು. ಅವರು ಒಳಗೆ ಹೋಗಿ ನನ್ನ ಸ್ಟೂಲನ್ನು ಕಿಟಕಿಯಿಂದ ಎತ್ತಿ ಅದರ ಹಳೇ ಜಾಗಕ್ಕೆ ಇಟ್ಟರು. ಬೇಕಂತ ಮಾಡಿದ್ದೋ, ಕೈಗೆ ಏನಾದರೂ ಕೆಲಸ ಬೇಕಾಗಿತ್ತೋ.

ಆದರೂ "ಆಮೇಲೆ ಮಗುವಿನ ವಿಷಯ ನೋಡೋಣ" ಅಂದರಲ್ಲ. ಆಮೇಲೆ ಅನ್ನೋ ಮಾತು ಇದೆಯಲ್ಲ. ಮಾತ್ರೆ ನುಂಗಿದೆ.

ಮಾರ್ಚ್ ೨೨, ಬುಧವಾರ

ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಗೆ, ಕಣ್ಣಿಗೊತ್ತಿಕೊಂಡು ನುಂಗುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಸುಸ್ತು ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಎದೆ ಡವಗುಟ್ಟುತ್ತೆ. ಮೆಟ್ಟಿಲು ಹತ್ತುವಾಗ ಮಧ್ಯೆ ಕೂತುಬಿಡುತ್ತೇನೆ. ಇವರು "ವಾಪಸ್ ಕ್ಲಿನಿಕ್ಕಿಗೆ ಹೋಗೋಣ" ಅಂದರು. "ಔಷಧಿ ಹತ್ತುವಾಗ ಹಾಗೇ ಇರುತ್ತೆ, ಸುಮ್ನಿರಿ" ಅಂದೆ. ಹೋದರೆ ಮಾತ್ರೆ ನಿಲ್ಲಿಸು ಅಂದುಬಿಟ್ಟರೆ? ಆಗ 'ಆಮೇಲೆ' ಎಲ್ಲಿಗೆ ಹೋಗುತ್ತೆ?

ಉಪ್ಪು ಬಿಟ್ಟಿಲ್ಲ. ಈಗ ಅದಕ್ಕೆ ನೆಪವೂ ಇಲ್ಲ.

ಏಪ್ರಿಲ್ ೨

ವಾಂತಿ. ನೀರೂ ನಿಲ್ಲುತ್ತಿಲ್ಲ. ಹೊಟ್ಟೆ ನೋವು.

ಯಾರಿಗೂ ಹೇಳಿಲ್ಲ. ನಾಳೆ ಸರಿಹೋಗುತ್ತೆ.

ಏಪ್ರಿಲ್ ೧೨, ಬುಧವಾರ

ಆಸ್ಪತ್ರೆಯ ಹಾಸಿಗೆ. ಈ ಪುಸ್ತಕ ತಂದುಕೊಡಿ ಅಂದಾಗ ಇವರು ಬಿಚ್ಚಿಯೂ ನೋಡದೆ ತಂದುಕೊಟ್ಟರು. ಒಳ್ಳೆ ಮನುಷ್ಯ.

ನಾನು ಬಿದ್ದದ್ದು ನಾದುವ ಮೇಜಿನ ಹತ್ತಿರವಂತೆ. ಬಟ್ಟಲಿನಷ್ಟು ಹಿಟ್ಟು ತಲೆ ಮೇಲೆ ಸುರಿದುಕೊಂಡು ಬಿದ್ದಿದ್ದೆನಂತೆ, ಹೈಕೋರ್ಟು ಮೊದಲು ನೋಡಿ "ಹೆಣ ಬಿದ್ದಿದೆ" ಅಂತ ಕಿರುಚಿದರಂತೆ. ಟೈಲರಮ್ಮನ ಗಂಡನ ವ್ಯಾನಿನಲ್ಲಿ ಹಾಕಿಕೊಂಡು ಬಂದರಂತೆ. ನನಗೆ ನೆನಪಿರೋದು ಯಾರದೋ ತೊಡೆ ಮೇಲೆ ನನ್ನ ತಲೆ ಇದ್ದದ್ದು, ಆ ತೊಡೆ ನಡುಗುತ್ತಿದ್ದದ್ದು.

ಇಲ್ಲಿಯ ದೊಡ್ಡ ಡಾಕ್ಟರಿಗೆ ವಯಸ್ಸಾಗಿದೆ, ಮಾತು ನಿಧಾನ. ನನ್ನ ಅಂಗೈ ಬಿಡಿಸಿ ನೋಡಿದರು. ಭವಿಷ್ಯ ಹೇಳ್ತಾರೇನೋ ಅಂದುಕೊಂಡೆ. ಕೈಗೆರೆಗಳೆಲ್ಲ ಇದ್ದಿಲಲ್ಲಿ ಎಳೆದ ಹಾಗೆ ಕಪ್ಪಾಗಿದ್ದವು. ತುಟಿ ಎತ್ತಿ ವಸಡು ನೋಡಿದರು. ಆಮೇಲೆ ಕೇಳಿದರು, "ಉಪ್ಪು ತಿನ್ನಬೇಕು ಅನ್ನಿಸುತ್ತಾ ನಿಮಗೆ?"

ನಾನು ಗೊಳೋ ಅಂತ ಅತ್ತುಬಿಟ್ಟೆ. ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು.

ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿಗಳಿವೆಯಂತೆ. ಮೈಯಲ್ಲಿ ಉಪ್ಪು ಹಿಡಿದಿಡೋದು, ಕಷ್ಟ ಬಂದಾಗ ಜೀವ ಹಿಡಿದು ನಿಲ್ಲಿಸೋದು ಅವುಗಳ ಕೆಲಸ. ನನ್ನವು ಕೆಲಸ ನಿಲ್ಲಿಸಿವೆ. ಉಪ್ಪೆಲ್ಲ ಸೋರಿಹೋಗುತ್ತಿತ್ತು, ಅದಕ್ಕೇ ನಾಲಿಗೆ ಬೇಡುತ್ತಿತ್ತು. ಕಪ್ಪಾದದ್ದೂ ವಾಂತಿಯೂ ಅದರಿಂದಲೇ. ಯಾಕೆ ಹೀಗಾಯಿತು ಅಂದರೆ, ರೋಗ ಬಂದರೆ ಹೊಡೆದಾಡಬೇಕಾದ ಮೈಯ ಕಾವಲಿನವರು ನನ್ನದೇ ಗ್ರಂಥಿಗಳನ್ನು ಶತ್ರು ಅಂದುಕೊಂಡಿದ್ದಾರಂತೆ. ಥೈರಾಯ್ಡಿನ ಮೇಲೂ ಅವರದೇ ದಾಳಿ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾ?" ಅಂದೆ. ಡಾಕ್ಟರು ನಕ್ಕು, "ಅದೇ, ಇಷ್ಟು ಚೆನ್ನಾಗಿ ನಾನು ಹೇಳೋಕಾಗಲ್ಲ" ಅಂದರು.

ಥೈರಾಯ್ಡ್ ಮಾತ್ರೆ ತಪ್ಪಲ್ಲವಂತೆ, ಸರದಿ ತಪ್ಪು. ಈ ಟೋಪಿ ಗ್ರಂಥಿಗೆ ಮೊದಲು ಮದ್ದು ಕೊಟ್ಟು, ಆಮೇಲೆ ಅದನ್ನು ಕೊಡಬೇಕಿತ್ತು. ನಿತ್ರಾಣದ ಎತ್ತಿಗೆ ಚಾಟಿ ಏಟು ಕೊಟ್ಟ ಹಾಗಾಯಿತು. ಉಪ್ಪಿನ ವಿಷಯ ಬಾಯಿಬಿಟ್ಟಿದ್ದರೆ ಆ ಚಿಕ್ಕ ಡಾಕ್ಟರಿಗೂ ತಿಳಿಯುತ್ತಿತ್ತೇನೋ. ಇನ್ನು ಜೀವ ಇರೋವರೆಗೂ ದಿನಾ ಸ್ಟೀರಾಯ್ಡ್ ಮಾತ್ರೆ. ಜ್ವರ ಬಂದರೆ, ಪೆಟ್ಟಾದರೆ, ಮೈಗಾಗಲಿ ಮನಸ್ಸಿಗಾಗಲಿ ದೊಡ್ಡ ನೋವಾದರೆ ಅವತ್ತು ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತೊಡೆಗೆ ಸೂಜಿ, ತಕ್ಷಣ. ಉಳಿದ ಗ್ರಂಥಿಗಳನ್ನೂ ನೋಡಬೇಕು ಅಂತ ರಕ್ತ ತೆಗೆದುಕೊಂಡು ಹೋಗಿದ್ದಾರೆ.

ಅತ್ತೆ ಕಾಲ ಬಳಿ ಸ್ಟೂಲಿನ ಮೇಲೆ ಕೂತು ಇದೆಲ್ಲ ಕೇಳಿಸಿಕೊಂಡರು. ಡಾಕ್ಟರು ಹೋದ ಮೇಲೆ, "ನಿನ್ನ ನಾಲಿಗೆ ಸರಿಯಾಗೇ ಹೇಳಿತ್ತು. ನಾನೇ ತಪ್ಪು ಅರ್ಥ ಮಾಡಿಕೊಂಡೆ" ಅಂದರು. ನಾನು ಗೋಡೆ ಕಡೆ ತಿರುಗಿದೆ. ನನಗೆ ಅವರ ಅರ್ಥವೇ ಬೇಕಾಗಿತ್ತು.

ಏಪ್ರಿಲ್ ೨೬, ಬುಧವಾರ

ಮನೆ. ಮೈ ಹಗುರ, ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ. ಹಸಿವಂತೂ ಕೇಳಬೇಡಿ. ಅತ್ತೆ ತಟ್ಟೆಗೆ ಹಾಕುತ್ತಲೇ ಇರುತ್ತಾರೆ, ನಾನು ಖಾಲಿ ಮಾಡುತ್ತಲೇ ಇರುತ್ತೇನೆ.

ಇವತ್ತು ನಾದುವ ಮೇಜಿಗೆ ಹೋದೆ. ಅತ್ತೆ ಸುಮ್ಮನೆ ಪಕ್ಕಕ್ಕೆ ಸರಿದರು. ಹಸಿ ಹಿಟ್ಟು ಬಾಯಿಗೆ ಹಾಕಿಕೊಂಡೆ. "ಸಾಕು" ಅಂದೆ. ಅವರೂ ಒಂದು ಚೂರು ತಿಂದು, "ಹೂಂ, ಸಾಕು" ಅಂದರು. ಬ್ರೆಡ್ಡು ಚೆನ್ನಾಗಿ ಬಂತು. ಟೈಲರಮ್ಮ ಎರಡು ತೆಗೆದುಕೊಂಡು ಹೋದಳು.

ಉಪ್ಪಿನ ಆಸೆ ಪೂರ್ತಿ ಹೋಗಿದೆ. ಒಂದು ಕಲ್ಲುಪ್ಪು ಬಾಯಿಗೆ ಹಾಕಿಕೊಂಡು ನೋಡಿದೆ, ಉಗುಳುವ ಹಾಗಾಯಿತು. ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಆ ಆಸೆ ಇದ್ದಷ್ಟು ದಿನ ನನ್ನೊಳಗೆ ಯಾರೋ ಇದ್ದರು. ಗುಣವಾಗಿದ್ದಕ್ಕೆ ಹೀಗೆ ಬಿಕ್ಕುವ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಮೇ ೮, ಸೋಮವಾರ

ದೊಡ್ಡ ಡಾಕ್ಟರು ರಿಪೋರ್ಟು ಎರಡು ಸಲ ಓದಿದರು. ಎರಡನೇ ಸಲ ಓದುವಾಗಲೇ ನನಗೆ ಗೊತ್ತಾಯಿತು.

ಸಕ್ಕರೆ ಸದ್ಯಕ್ಕೆ ಸರಿ ಇದೆ, ವರ್ಷ ವರ್ಷ ನೋಡುತ್ತಿರಬೇಕು. ಅಂಡಾಶಯದ ಮೇಲೆ ದಾಳಿಯಾಗಿದೆ, ಬಹುಶಃ ಎಲ್ಲಕ್ಕಿಂತ ಮೊದಲು ಅದರ ಮೇಲೆಯೇ, ವರ್ಷಗಳ ಹಿಂದೆಯೇ. "ಐವತ್ತು ದಾಟಿದವರ ಅಂಡಾಶಯದ ಹಾಗಿದೆ" ಅಂದರು. ನನಗೆ ಮೂವತ್ತಮೂರು.

ಇವರು ಕೇಳಿದರು, "ಮಕ್ಕಳು?"

"ತಾನಾಗಿ ಆಗೋದು ತೀರಾ ಅಪರೂಪ. ಇಲ್ಲ ಅಂತಲೇ ಇಟ್ಟುಕೊಳ್ಳಿ, ಸುಳ್ಳು ಆಸೆ ಕೊಡಲಾರೆ. ಬೇರೆ ದಾರಿಗಳಿವೆ. ಅದಕ್ಕೆಲ್ಲ ಮನಸ್ಸು ತಿಳಿಯಾಗಬೇಕು. ಆದಾಗ ಬನ್ನಿ, ಕೂತು ಮಾತಾಡೋಣ."

ಬಸ್ ಸ್ಟಾಪಿನಲ್ಲಿ ಇವರು ನನ್ನ ಚೀಲ ತಾವೇ ಹಿಡಿದುಕೊಂಡು ನಿಂತಿದ್ದರು. ಮೂರು ಬಸ್ಸು ಹೋದವು, ಹತ್ತಲಿಲ್ಲ. ಕೊನೆಗೆ, "ಅಮ್ಮನಿಗೆ ಈಗಲೇ ಬೇಡ. ತಡ್ಕೊಳ್ಳಲ್ಲ" ಅಂದರು. ಆಯಿತು ಅಂದೆ. ನಾನು ತಡ್ಕೋತೀನಾ ಅಂತ ಇವರು ಕೇಳಲಿಲ್ಲ. ಕೋಪ ಬಂತು. ಆದರೆ ಬಸ್ಸಿನಲ್ಲಿ ಇಡೀ ದಾರಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು, ಕುತ್ತಿಗೆಯ ನರ ಕುಣಿಯುತ್ತಿತ್ತು. ಪಾಪ, ಇವರದೂ ಅಲ್ಲವಾ.

ಉಪ್ಪಿನ ಆಸೆಗೆ ಮಾತ್ರೆ ಸಿಕ್ಕಿತು. ಇದಕ್ಕೆ ಏನಿದೆ? ಮಗು ಇಲ್ಲ ಅಂತ ಗೊತ್ತಾದ ತಕ್ಷಣ ಬೇಕು ಅನ್ನೋದು ನಿಂತುಹೋಗಬೇಕಿತ್ತು. ಎಲ್ಲಿ ನಿಲ್ಲುತ್ತೆ? ಸಂಜೆ ಶಾಲೆ ಬಿಟ್ಟ ಮಕ್ಕಳು ಅಂಗಡಿಗೆ ನುಗ್ಗಿದಾಗ ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ಬೇಕು, ಬೇಕು, ಬೇಕು ಅನ್ನುತ್ತಿತ್ತು ಮೈಯೆಲ್ಲ.

ಜೂನ್ ೧೧, ಭಾನುವಾರ

ಸೂಜಿ ಕಲಿಯೋ ದಿನ. ಮನೆಯಲ್ಲಿ ಇನ್ನೊಬ್ಬರಿಗೆ ಸೂಜಿ ಹಾಕೋಕೆ ಬರಬೇಕು ಅಂತ ನರ್ಸು ಹೇಳಿದ್ದಳು. ಇವರು ಸೂಜಿ ನೋಡಿಯೇ ಬೆವರಿದರು. "ಸರಿ, ಆ ಕಡೆ ಹೋಗು, ಗಂಡಸೇ" ಅಂತ ಅತ್ತೆ ಮುಂದೆ ಬಂದರು. ಬಂದದ್ದೇನೋ ಬಂದರು, ನೇರ ನನ್ನ ತೊಡೆಗೆ ಚುಚ್ಚೋ ಧೈರ್ಯ ಅವರಿಗೂ ಇಲ್ಲ. ಹಿಟ್ಟಿನ ಉಂಡೆ ಮಾಡಿ, ಬಟ್ಟೆ ಸುತ್ತಿ, ಮೇಜಿನ ಮೇಲಿಟ್ಟು, ಬರಿ ನೀರು ತುಂಬಿ ಚುಚ್ಚಿದರು. ಒಂದು, ಎರಡು, ಹತ್ತು ಉಂಡೆ. "ಇದು ನಿನ್ನ ತೊಡೆ ಅಂದ್ಕೋಬೇಕಲ್ಲ, ಅದೇ ಕಷ್ಟ" ಅಂತ ಕಣ್ಣು ಮುಚ್ಚಿಕೊಂಡರು. "ಅತ್ತೆ, ಕಣ್ಣು ಮುಚ್ಚಿಕೊಂಡು ಚುಚ್ಚಿದರೆ ಮೇಜಿಗೇ ಬೀಳುತ್ತೆ" ಅಂದೆ. "ಸುಮ್ನಿರೇ, ಮೇಜಿಗಾದರೂ ಗುಣವಾಗಲಿ" ಅಂದರು. ಮೂವರೂ ಬಿದ್ದು ಬಿದ್ದು ನಕ್ಕೆವು. ಎಷ್ಟು ದಿನವಾಗಿತ್ತು.

ನಕ್ಕು ಮುಗಿದ ಮೇಲೆ ಅತ್ತೆ ಸೂಜಿ ಎತ್ತಿಡುತ್ತಾ, "ನೀನು ಗಟ್ಟಿಯಾಗು. ಮಗು ಬರೋ ಹೊತ್ತಿಗೆ ನನಗೆ ಇದೆಲ್ಲ ಕೈ ಪಳಗಿರುತ್ತೆ" ಅಂದರು. ಇವರು ಎದ್ದು ಹೊರಗೆ ಹೋದರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?

ಜುಲೈ ೩, ಸೋಮವಾರ

ಮೂಳೆ ಸವೆಯಬಾರದು, ಹೃದಯಕ್ಕೂ ಬೇಕು ಅಂತ ಹೊಸ ಹಾರ್ಮೋನು ಮಾತ್ರೆ ಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ಸ್ರಾವ ಆಗುತ್ತೆ, ಗಾಬರಿಯಾಗಬೇಡಿ, ಅದು ಮಾತ್ರೆಯಿಂದ, ನಿಜವಾದ ಮುಟ್ಟಲ್ಲ ಅಂದರು. ಗಾಬರಿ ಏನೂ ಇಲ್ಲ. ಎಲ್ಲವೂ ಮಾತ್ರೆಯಿಂದಲೇ ನಡೆಯುತ್ತಿದೆ. ನಾನು ಅನ್ನೋದು ಎಷ್ಟು ಉಳಿದಿದೆಯೋ.

ನಿನ್ನೆ ಸಣ್ಣ ಜ್ವರ ಬಂತು. ಅತ್ತೆ ಹಣೆ ಮುಟ್ಟಿ, "ಎರಡರಷ್ಟು" ಅಂದರು. ನಾನು ಮರೆತಿದ್ದೆ. ಮಾತ್ರೆ, ನೀರು, ಎರಡೂ ಅವರೇ ತಂದರು. ನನ್ನ ಜೊತೆಯಲ್ಲೇ ಮಲಗಿದರು. ಇವರು ಕೆಳಗೆ ಚಾಪೆ ಹಾಕಿಕೊಂಡರು.

ಅವರಿಂದ ಮುಚ್ಚಿಡೋದು ಈಗ ಮೊದಲಿನಷ್ಟು ಸುಲಭವಾಗಿಲ್ಲ.

ಜುಲೈ ೨೭, ಗುರುವಾರ

ಇವತ್ತು ಸ್ರಾವ ಆಯಿತು. ಬೆನ್ನು ಹಿಡಿದುಕೊಂಡು ಕೆಳಗೆ ಬಂದೆ. ಅತ್ತೆಗೆ ಇಂಥದ್ದೆಲ್ಲ ಹೇಳಬೇಕಾಗಿಲ್ಲ, ನನ್ನ ನಡಿಗೆ ನೋಡಿದರೆ ಸಾಕು. "ಆಯ್ತಾ? ನಿಜವಾಗ್ಲೂ ಆಯ್ತಾ?" ಅಂತ ನನ್ನ ಎರಡೂ ಕೈ ಹಿಡಿದುಕೊಂಡರು. ಹೂಂ ಅಂದೆ. ಇಷ್ಟೇ ನಾನು ಮಾಡಿದ್ದು.

ಆಮೇಲೆ ಅವರನ್ನು ಹಿಡಿಯೋರು ಯಾರು! "ಮುಟ್ಟು ತಿರುಗಿತು! ಇನ್ನೇನು, ಇನ್ನೇನು!" ಅಂತ ಇಡೀ ದಿನ. ಬಿಸಿನೀರಿನ ಚೀಲ ತಂದುಕೊಟ್ಟರು, ಹಾಲು ಕಾಯಿಸಿದರು, ಇವತ್ತಿನ ಒಳ್ಳೊಳ್ಳೆ ಬನ್ನುಗಳನ್ನೆಲ್ಲ ಶಾಲೆಯ ಮಕ್ಕಳಿಗೆ ಸುಮ್ಮನೆ ಹಂಚಿಬಿಟ್ಟರು. ಟೈಲರಮ್ಮನಿಗೆ ಏನೋ ಪಿಸುಗುಟ್ಟಿದರು. ನಾನು ಇವರ ಮುಖ ನೋಡಿದೆ.

ಇವರು ನೆಲ ನೋಡಿದರು.

ಜುಲೈ ೩೦, ಭಾನುವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಇವರು ಹಿಟ್ಟು ತರೋಕೆ ಮಿಲ್ಲಿಗೆ ಹೋಗಿದ್ದರು. ಅತ್ತೆ ಬೆಂಚಿನ ಮೇಲೆ ಕೂತು ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದರು, ಏನೋ ಗುನುಗುತ್ತಿದ್ದರು. ಆ ಗುನುಗು ಕೇಳೋಕಾಗಲಿಲ್ಲ ನನಗೆ. ಅವರನ್ನು ಇನ್ನೂ ಒಂದು ತಿಂಗಳು ಗುನುಗೋಕೆ ಬಿಟ್ಟು ಆಮೇಲೆ ಹೇಳಿದರೆ, ಅದು ನನಗಾದದ್ದಕ್ಕಿಂತ ದೊಡ್ಡ ಅನ್ಯಾಯ.

"ಅತ್ತೆ, ಇದು ನನ್ನ ಮುಟ್ಟಲ್ಲ. ಮಾತ್ರೆ ಬರಿಸಿದ್ದು. ಮಾತ್ರೆ ಬಿಟ್ಟರೆ ಇದೂ ನಿಲ್ಲುತ್ತೆ."

ಕೈ ನಿಂತಿತು. "ಅಂದ್ರೆ?"

"ಅಂಡಾಶಯವೂ ಹೋಗಿದೆ ಅತ್ತೆ. ಆ ಟೋಪಿ ಗ್ರಂಥಿ, ಥೈರಾಯ್ಡ್ ಜೊತೆ ಅದೂ. ಯಾವತ್ತೋ ಹೋಗಿತ್ತಂತೆ. ನನಗೆ ಮಗು ಆಗೋದಿಲ್ಲ."

ಅವರು ಎಣ್ಣೆಯ ಬಟ್ಟೆಯನ್ನು ನಿಧಾನ ಕೆಳಗಿಟ್ಟರು.

"ಡಾಕ್ಟರು ಯಾವಾಗ ಹೇಳಿದ್ದು?"

"ಮೇ ತಿಂಗಳಲ್ಲಿ."

"ಅವನಿಗೆ ಗೊತ್ತಾ?"

"ಗೊತ್ತು. ನೀವು ತಡ್ಕೊಳ್ಳಲ್ಲ ಅಂತ..."

ನಾನು ಎಲ್ಲದಕ್ಕೂ ತಯಾರಾಗಿದ್ದೆ. ಬೈಗುಳಕ್ಕೆ, ಎದ್ದು ಹೋಗಿ ಬಾಗಿಲು ಹಾಕಿಕೊಳ್ಳೋದಕ್ಕೆ, ನನ್ನ ಮಗನ ಬಾಳು ಹೀಗಾಯ್ತಲ್ಲ ಅನ್ನೋ ಮಾತಿಗೆ. ಆ ಮಾತಿಗೆ ಏನು ಉತ್ತರ ಕೊಡಬೇಕು ಅಂತ ವಾರಗಟ್ಟಲೆ ಯೋಚಿಸಿಟ್ಟಿದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು:

"ಅಷ್ಟು ದಿನದಿಂದ ನೀನೊಬ್ಬಳೇ ಅತ್ಕೊಂಡಿದ್ಯಾ?"

ಇದಕ್ಕೆ ನಾನು ತಯಾರಾಗಿರಲಿಲ್ಲ. ಮೇಜು ಹಿಡಿದುಕೊಂಡೆ. ಅಳು ಒತ್ತರಿಸಿಕೊಂಡು ಬಂತು. ಅತ್ತೆ ಎದ್ದು ಎಣ್ಣೆ ಕೈಯಲ್ಲೇ ನನ್ನ ಎರಡೂ ಭುಜ ಹಿಡಿದರು.

"ತಡಿ, ತಡಿ. ಈಗಲೇ ಅಳಬೇಡ. ದೊಡ್ಡ ನೋವಾದರೆ ಎರಡರಷ್ಟು ಅಂದಿದ್ರಲ್ಲ ಡಾಕ್ಟರು? ಇದಕ್ಕೂ ತಗೋಬೇಕಾ?"

"ಗೊತ್ತಿಲ್ಲ ಅತ್ತೆ. ಅಳೋದರ ಬಗ್ಗೆ ಅವರು ಏನೂ ಹೇಳಿಲ್ಲ."

"ಯಾತಕ್ಕೂ ಇರಲಿ. ಹೋಗು, ಮೊದಲು ಮಾತ್ರೆ ತಗೊಂಡು ಬಾ. ಆಮೇಲೆ ಇಬ್ಬರೂ ಕೂತು ಅಳೋಣ. ನನಗೂ ತುಂಬಾ ಇದೆ."

ಮಹಡಿ ಹತ್ತಿ ಮಾತ್ರೆ ನುಂಗಿದೆ. ಕೆಳಗೆ ಬರುವಷ್ಟರಲ್ಲಿ ಅವರು ಅಂಗಡಿ ಬಾಗಿಲು ಹಾಕಿ, ಅಚ್ಚುಗಳನ್ನೆಲ್ಲ ಒಂದು ಕಡೆ ಸರಿಸಿ, ಬೆಂಚಿನ ಮೇಲೆ ನನಗೆ ಜಾಗ ಮಾಡಿಕೊಂಡು ಕಾಯುತ್ತಾ ಕೂತಿದ್ದರು.